ನೀರಿನ ವಾಸನೆಯ ಪುಟ

ಮಗಳ ಹಲ್ಲು ತೋರಿಸಲು ಹೋದ ಕ್ಲಿನಿಕ್ಕಿನಲ್ಲಿ ನಮ್ಮೆದುರು ಅಕ್ಕ-ತಮ್ಮ ಇಬ್ಬರು ಕೂತಿದ್ದರು. ತಮ್ಮನ ಅಂಗಿಯ ಜೇಬಿನ ಮೇಲೆ ನೀರಿನ ಫಿಲ್ಟರ್ ಮಾರುವ ಅಂಗಡಿಯ ಹೆಸರಿತ್ತು. ಅಕ್ಕನ ಕೆನ್ನೆ ಊದಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ.

“ನಮ್ಮ ವೆಬ್‌ಸೈಟಲ್ಲಿ ಜನ ಏನು ನೋಡ್ತಿದಾರೆ ಅಂತ ಎಐನ ಕೇಳ್ದೆ ಕಣೋ.”

“ಏನಂತು?”

“ನಲ್ಲಿ ನೀರು ವಾಸನೆ ಬಂದ್ರೆ ಏನು ಮಾಡ್ಬೇಕು ಅಂತ ನೀನು ಬರ್ದಿದ್ಯಲ್ಲ, ಈ ವಾರ ಎಲ್ಲರೂ ಅದನ್ನೇ ಓದ್ತಿದಾರಂತೆ.”

“ಎಲ್ಲ ಕಡೆಯೋರೂನಾ?”

“ಇಲ್ಲ. ಬರೀ ಈ ಬಡಾವಣೆಯೋರು.”

ತಮ್ಮ ದನಿ ತಗ್ಗಿಸಿದ. “ಹಂಗಾದ್ರೆ ಪೈಪೊಳಗೆ ಏನೋ ಸೇರಿದೆ ಅಕ್ಕ.”

“ಅದೂ ಹಂಗೇ ಇರ್ಬಹುದು ಅಂತು. ಮೊದ್ಲು ನೀರಿನ ಆಫೀಸಿಗೆ ತಿಳಿಸಿ ಅಂತು.”

“ತಿಳಿಸಿದ್ಯಾ?”

“ಅವ್ರು ಸರಿ ಮಾಡ್ಬಿಟ್ರೆ ಗೋಡೌನಲ್ಲಿರೋ ಫಿಲ್ಟರೆಲ್ಲ ಉಪ್ಪಿನಕಾಯಿ ಹಾಕೋದಾ? ಅದು ಬಿಡು, ಇದನ್ನ ಓದಿದೋರು ಮುಂದೆ ಯಾವ ಪುಟಕ್ಕೆ ಹೋಗ್ತಾರೆ ಹೇಳು ಅಂದೆ.”

“ಯಾವುದಕ್ಕಂತೆ?”

“ಮಕ್ಕಳಿಗೆ ಈ ನೀರು ಕೊಡಬಹುದಾ ಅನ್ನೋದಕ್ಕೆ. ಅಷ್ಟು ಸಾಕಲ್ಲ. ನಮ್ಮ ಜಾಹೀರಾತು ಅಲ್ಲೇ ಹಾಕ್ಸಿದೀನಿ.”

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನರ್ಸ್ ಅಕ್ಕನನ್ನು ಕರೆದಳು.

“ಒಳಗೆ ಬಾಯಿ ಮುಕ್ಕಳಿಸಿ ಅಂತಾರೆ. ಮನೆಯಿಂದ ತಂದ ಬಾಟ್ಲು ತಗೊಂಡು ಬಾ,” ಎಂದು ಅವಳು ಎದ್ದಳು.

ತಮ್ಮ ಬಾಟಲಿ ಹಿಡಿದು ಹಿಂದೆಯೇ ಹೋದ.

ಮೂಲೆಯ ನಲ್ಲಿಯ ಹತ್ತಿರದಿಂದ ನನ್ನ ಮಗಳು ಬಾಯಿ ಒರೆಸಿಕೊಳ್ಳುತ್ತ ಬಂದಳು.