ಖಾಲಿ ಹೊಟ್ಟೆಯ ತಪಾಸಣೆ

ಮೋರಟಗಿಯ ದನದ ದವಾಖಾನೆಯ ಮುಂದೆ ಜಯಮಾಲಾ ತನ್ನ ಆಡು ಹಿಡಿದುಕೊಂಡು ಪಾಳಿಗೆ ಕೂತಿದ್ದಳು. ಅವಳ ಮುಂದೆ ಚಂದಪ್ಪ, ಅವನ ಹೆಂಡತಿ ರಾಮವ್ವ, ಈದು ಹದಿನೈದು ದಿನವಾದ ಅವರ ಎಮ್ಮೆ. ಹಾಲು ಅರ್ಧಕ್ಕೆ ಇಳಿದಿತ್ತು. ಡಾಕ್ಟರು ಎಮ್ಮೆಯ ರಕ್ತ ತೆಗೆದುಕೊಂಡು, ಚಂದಪ್ಪನನ್ನು ಚೆನ್ನಾಗಿ ಬೈದು, ಆಗಷ್ಟೇ ಒಳಗೆ ಹೋಗಿದ್ದರು.

"ಡಾಕ್ಟರ್ ಯಾಕ ಬೈದ್ರು?" ಎಂದಳು ಆಚೆ ನೀರು ಕುಡಿದು ಬಂದ ರಾಮವ್ವ.

"ನಿನ್ನಿ ಸಂಜಿಯಿಂದ ಎಮ್ಮಿಗೆ ಮೇವು ಹಾಕಿಲ್ರಿ ಅಂದೆ."

"ಯಾಕ ಹಾಕಲಿಲ್ಲ?"

"ನನ್ನ ಸಕ್ಕರಿ ತಪಾಸಣಿಗೆ ಖಾಲಿ ಹೊಟ್ಟೀಲೆ ಬಾ ಅಂದಿರ್ಲಿಲ್ಲೇನ? ರಕ್ತ ಅಂದ್ರ ರಕ್ತನ ಅಲ್ಲೇನ?"

"ನಿಮಗ ಸಕ್ಕರಿ ಹೆಚ್ಚಾಗೇತಿ. ಇದಕ್ಕ?"

"ಕಡಿಮಿ ಆಗಿರಬೇಕಂತ. ಮೈಯಾಗಿನ ಸಕ್ಕರಿ ಎಲ್ಲಾ ಹಾಲಿಗೇ ಹೋಗತೈತಂತ. ಇಂಥಾದ್ದನ್ನ ಉಪಾಸ ಕೆಡವಿದ್ರ ನೆಲಾ ಹಿಡೀತೈತಿ ಅಂದ್ರು." ಚಂದಪ್ಪ ಎಮ್ಮೆಯ ಹಣೆ ಸವರಿದ. "ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ."

"ಸುಮ್ನಿರ್ರಿ. ನಸುಕಿನ್ಯಾಗ ನೀವು ಝಳಕಕ್ಕ ಹೋದಾಗ ನಾ ಎರಡು ಸೂಡು ಜ್ವಾಳದ ಕಣಕಿ ಹಾಕೇನಿ. ತಿಂದೈತಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಹಾಕಾಕ ಬಿಡ್ತಿದ್ರೇನು?"

ಚಂದಪ್ಪ ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿದ.

"ಅಂದ್ರ ಉಪಾಸ ಇದ್ದಾಂವ ನಾ ಒಬ್ಬನ?"

"ಅಯ್ಯ, ನೀವ್ಯಾಕ ಇದ್ರಿ?"

"ಅದರ ಬಾಯಿ ಕಟ್ಟಿ ನಾ ಹೆಂಗ ಉಣ್ಣಲಿ?"

ಜಯಮಾಲಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ಕರೆ ಬಂತು. ರಾಮವ್ವ ಬುತ್ತಿಗಂಟು ಬಿಚ್ಚಿ ರೊಟ್ಟಿಯೊಂದನ್ನು ಗಂಡನ ಕೈಗಿಟ್ಟು, ಎಮ್ಮೆಯ ಹಗ್ಗ ತಾನು ಹಿಡಿದಳು. ಚಂದಪ್ಪ ರೊಟ್ಟಿ ಮುರಿದು ಮೊದಲ ತುಂಡನ್ನು ಎಮ್ಮೆಯ ಬಾಯಿಯ ಹತ್ತಿರ ಒಯ್ದ.

"ಅದರದು ಊಟ ಆಗೇತ್ರಿ," ಎಂದು ರಾಮವ್ವ ಮುಂದೆ ನಡೆದಳು, "ನೀವು ತಿನ್ರಿ."