ಎಡಗಡಿ ನಂದು

ಶಹಾಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ನಡುವಯಸ್ಸಿನ ಅಣ್ಣತಮ್ಮಂದಿರಿಬ್ಬರು ಸುರಪುರದ ಬಸ್ಸಿಗೆ ಕಾಯುತ್ತಿದ್ದರು. ಇಬ್ಬರ ಕಾಲಬುಡದಲ್ಲೂ ಗೋಣಿತಟ್ಟು ಸುತ್ತಿದ ಕಮಾನ್ ಪಟ್ಟಿ, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಸ್ಪ್ರಿಂಗು, ಒಂದೊಂದಿತ್ತು. ಅಪ್ಪನ ಕಾಲದ ಅಂಬಾಸಿಡರ್ ಕಾರಿನ ಹಿಂದಿನ ಚಕ್ರಗಳಿಗಂತೆ.

“ನಿಂದು ಬಿಚ್ಚು, ನೋಡಮ,” ಎಂದ ಅಣ್ಣ.

“ಯಾಕ? ಪಾಲಾದಾಗ ಮಾತಾಗ್ಯದಲ್ಲ. ಕಾರಿನ ಬಲಗಡಿ ನಿಂದು, ಎಡಗಡಿ ನಂದು,” ಎಂದ ತಮ್ಮ. ಆದರೂ ಬಿಚ್ಚಿದ. ಅಣ್ಣ ತನ್ನದನ್ನೂ ಬಿಚ್ಚಿ ಪಕ್ಕದಲ್ಲಿಟ್ಟ.

“ಲೇ ಮಲ್ಲು, ನಂದಕಿಂತ ನಿಂದು ನಾಕು ಬೆರಳು ಎತ್ತರ ಅದ.”

“ಗಟ್ಟಿ ಇರ್ಲಿ ಅಂತ ತಂದೀನಿ. ನಿಂದ್ಯಾಕ ಅಷ್ಟು ಮೆತ್ತಗ?”

“ಅವ್ವ ಕೂಡ್ತಾಳಂತ.”

“ಅವ್ವ ಯಾವಾಗ್ಲೂ ಎಡಗಡಿ ಕೂಡ್ತಾಳಣ್ಣ. ನನ್ನ ಪಾಲಿನ್ಯಾಗ.”

“ಗಾಡಿ ವಾಲ್ತದೋ. ಸೋಮವಾರ ಮದುಮಕ್ಕಳು ಇದರಾಗೇ ಮನಿಗಿ ಬರಬೇಕು. ಮದುಮಗಳು ಜಾರಿ ಮದುಮಗನ ತೊಡಿ ಮ್ಯಾಲೆ ಬೀಳ್ತಾಳ.”

“ಅಂವ ಬ್ಯಾಡ ಅಂತಾನೇನು?”

“ಅಕಿ ನಮ್ಮ ಸೌಭಾಗ್ಯನ ಮಗಳೋ. ತಂಗಿ ನಮ್ಮಿಬ್ಬರನ್ನೂ ಬಿಡಾಂಗಿಲ್ಲ.”

ತಮ್ಮ ಎರಡೂ ಪಟ್ಟಿಗಳನ್ನು ನೋಡುತ್ತ ಕೂತ.

“ಹಂಗಾರ ಯಾದಗಿರಿಗಿ ತಿರುಗಿ ಹೋಗಿ ಎರಡೂ ವಾಪಸ್ ಕೊಟ್ಟು ಒಂದೇ ಅಂಗಡ್ಯಾಗ ಜೋಡಿ ತರಮ. ಆದ್ರ ಆಗ ಎಡಬಲ ಅನ್ನೋ ಪಾಲು ಹೋಯ್ತು ನೋಡು.”

“ಹೋಗ್ಲಿ ಬಿಡು.”

“ಸ್ಟೇರಿಂಗೂ?”

ಅಣ್ಣ ತನ್ನ ಪಟ್ಟಿಗೆ ಮತ್ತೆ ಗೋಣಿತಟ್ಟು ಸುತ್ತತೊಡಗಿದ. ಸ್ಟೇರಿಂಗ್ ಇರುವುದು ಬಲಗಡೆ ಎಂದು ನನಗೆ ಆಗ ಹೊಳೆಯಿತು.

ಸುರಪುರದ ಬಸ್ಸು ಬಂತು. ಅವರು ಹತ್ತಲಿಲ್ಲ, ಪಟ್ಟಿಗಳನ್ನು ಹೊತ್ತು ಯಾದಗಿರಿ ಬಸ್ಸಿನ ಕಡೆ ನಡೆದರು.

“ಕರಿಯಾಕ ಹೋಗಾಗ ನೀ ಹೊಡಿ,” ಎಂದ ಅಣ್ಣ.

“ಬರಾಗ?”

“ಬರಾಗ ಗಾಡ್ಯಾಗ ಮದುಮಕ್ಕಳು ಇರ್ತಾರ. ನಾನೇ ಹೊಡಿತೀನಿ.”