ತಗಡಿನ ರೈಲಿಗೆ ದಾರಿ ಕೊಟ್ಟವಳು

ಇದು ರಾಯದುರ್ಗದಲ್ಲಿ ನಡೆದದ್ದು. ಬಿಳಿ ದೊರೆಗಳ ಕಾಲ. ನಮ್ಮ ಓಣಿಯ ಎರ್ರಪ್ಪ ಸ್ಟೇಶನ್ನಿನಲ್ಲಿ ಪಾಯಿಂಟ್ಸ್‌ಮನ್. ಹಳಿ ತಿರುಗಿಸಿ ಗಾಡಿಗೆ ದಾರಿ ಮಾಡಿಕೊಡೋ ಕೆಲಸ.

ದೀಪಾವಳಿ ಅಮಾಸಿ. ಕೊನೇ ಗಾಡಿ ಕಳಿಸಿ ಮನೆಗೆ ಹೊರಟ. ಸೇದೋ ಬಾವಿ ದಾಟುವಾಗ ರಾಟೆ ತಿರುಗಿದ ಸದ್ದು. ಕಿರ್ರ್... ಕಿರ್ರ್... ನಿಂತ. ರಾತ್ರಿ ಹೊತ್ತು ರಾಟೆಗೆ ಹಗ್ಗ ಇರುತ್ತಿರಲಿಲ್ಲ. ಗಾಳಿಯೂ ಇರಲಿಲ್ಲ. ಆಷಾಢದಲ್ಲಿ ಹೆಂಡತಿ ಓಬಳಮ್ಮ ವಾಂತಿಭೇದಿಯಾಗಿ ಹೋದ ಮೇಲೆ, ಅವಳು ನೀರು ಸೇದುತ್ತಿದ್ದ ಆ ಬಾವಿ ಕಡೆ ಅವನು ಮುಖ ಎತ್ತಿ ನೋಡಿರಲಿಲ್ಲ. ಅವತ್ತೂ ನೋಡದೆ ಬಂದ.

ಮನೆಯಲ್ಲಿ ಅವನ ಅಕ್ಕ ತಿಪ್ಪಕ್ಕ ಎರ್ರಪ್ಪನ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದಳು. ಏಳು ವರ್ಷದ ಸಣ್ಣಕ್ಕ. ಐದು ದಿನದ ಜ್ವರ.

"ರೈಲು ಬಿಡ್ತೀಯೇನಪ್ಪ?" ಅಂದಳು ಹುಡುಗಿ.

ತಗಡಿನ ಆಟದ ರೈಲು ಅದು. ಒಂದು ಇಂಜಿನ್, ಎರಡು ಡಬ್ಬಿ. ತನ್ನ ದೇಶಕ್ಕೆ ವಾಪಸು ಹೋಗುವಾಗ ಒಬ್ಬ ಬಿಳಿ ಗಾರ್ಡು ಎರ್ರಪ್ಪನ ಅಪ್ಪನಿಗೆ ಕೊಟ್ಟದ್ದು. ಪ್ರತಿ ದೀಪಾವಳಿ ಅಮಾಸಿಗೆ ದೀಪದ ಸುತ್ತ ಹಳಿ ಜೋಡಿಸಿ ಮೂರು ಸುತ್ತು ಬಿಡೋದು ಆ ಮನೆಯ ಪದ್ಧತಿ. ಒಂದು ವರ್ಷವೂ ತಪ್ಪಿರಲಿಲ್ಲ.

"ಸಾವಾದ ವರ್ಷ ಹಬ್ಬ ಮಾಡಬಾರ್ದು," ತಿಪ್ಪಕ್ಕ ಪಿಸುಗುಟ್ಟಿದಳು. "ಒಂದ್ ವರ್ಷ ಬಿಟ್ರ ಅಪ್ಪ ಮ್ಯಾಲಿಂದ ಇಳಿದು ಬಂದು ಬೈತಾನೇನು?"

"ಹಬ್ಬ ಅಲ್ಲಕ್ಕ. ಕೂಸಿಗೆ ಆಸೆ... ಒಂದ್ಸಲ ನಿಂತ್ರ ನಿಂತೇ ಹೋಗ್ತದ."

ಹಳಿ ಜೋಡಿಸಿದ. ಕೀಲಿ ಕೊಟ್ಟ. ಕಟ್... ಕಟ್... ಹನ್ನೊಂದು ತಿರುವು. ಆಮೇಲೆ ರೂಢಿಯ ಮಾತು ಬಾಯಿಗೆ ಬಂತು.

"ದಾರಿ ಖಾಲಿ ಐತೇನು?"

ಆ ಕಡೆ ಸ್ಟೇಶನ್ನಿನವರು ಹೂಂ ಅನ್ನದೆ ಗಾಡಿ ಬಿಡಬಾರದು. ರೈಲಿನವರ ಕಟ್ಟಳೆ. ಮನೆಯಲ್ಲೂ ಹಾಗೇ. ಬಾಗಿಲ ಹತ್ತಿರ ಕೂತು ಹೂಂ ಅನ್ನುತ್ತಿದ್ದವಳು ಓಬಳಮ್ಮ. ಈಗ ಅಲ್ಲಿ ಯಾರೂ ಇಲ್ಲ. ಎರ್ರಪ್ಪ ಇಂಜಿನ್ ಹಿಡಿದುಕೊಂಡೇ ಕೂತ. ಇಪ್ಪತ್ತು ವರ್ಷ ಪಳಗಿದ ಕೈ... ಹೂಂ ಇಲ್ಲದೆ ಬಿಡಲು ಬರಲಿಲ್ಲ.

"ಖಾಲಿ ಐತಿ. ಬಿಡ್ರಿ."

ಸಣ್ಣ ದನಿ. ಮಗಳೇ ಅಂದಳು ಅಂದುಕೊಂಡ. ಬಿಟ್ಟ.

ಟರ್ರ್... ಚಕ್ ಚಕ್ ಚಕ್... ಒಂದು ಸುತ್ತು. ಎರಡು.

"ಥೇಟ್ ನಿಮ್ಮವ್ವನಂಗೇ ಅಂದಿ ನೋಡು," ಎಂದು ನಗಲು ನೋಡಿದ.

"ನಾನಲ್ಲಪ್ಪ." ಹುಡುಗಿ ಬಾಗಿಲ ಕಡೆ ನೋಡುತ್ತಿದ್ದಳು. "ಅವ್ವ ಅಂದ್ಲು. ಮೂರನೇ ಸುತ್ತಿಗೆ ನಾ ಹತ್ತಬೇಕಂತ. ಅವ್ವನ ತನಕ ದಾರಿ ಖಾಲಿ ಐತಂತ."

ತಿಪ್ಪಕ್ಕನ ಕೈಯಿಂದ ಬಟ್ಟೆ ಜಾರಿತು. ಹುಡುಗಿ ಕಣ್ಣು ಮುಚ್ಚಿದಳು. ಉಸಿರು... ನಿಧಾನ ಆಯಿತು.

ಗಾಡಿ ಮೂರನೇ ಸುತ್ತಿಗೆ ತಿರುಗಿತ್ತು. ಎರ್ರಪ್ಪ ಬಾಚಿ ಎತ್ತಿ ಇಂಜಿನ್ನು ಅಂಗೈಯಲ್ಲಿ ಅದುಮಿ ಹಿಡಿದ. ಕೊಟ್ಟ ಕೀಲಿ ಪೂರ್ತಿ ಬಿಚ್ಚಿತ್ತು. ಚಕ್ರ ನಿಲ್ಲಲಿಲ್ಲ. ಚಕ್ ಚಕ್ ಚಕ್... ಅಂಗೈ ಚರ್ಮ ಸುಲಿಯಿತು. ಅವನು ಬಿಡಲಿಲ್ಲ.

"ಓಬಳಾ," ಬಾಗಿಲಿಗೆ ಹೇಳಿದ, "ಇದೊಂದು ಕೂಸು ನನಗಿರ್ಲಿ."

ಹೊರಗೆ ಬಳೆ ಸದ್ದು. ಕಿಣ್... ಒಂದೇ ಸಲ.

ಕೋಳಿ ಕೂಗಿದಾಗ ಚಕ್ರ ನಿಂತವು. ಹುಡುಗಿ ಬೆವರಿ, ಕುಡಿಯಲು ನೀರು ಕೇಳಿದಳು.

ಆಮೇಲೂ ಎರ್ರಪ್ಪ ಪದ್ಧತಿ ಬಿಡಲಿಲ್ಲ. ಪ್ರತಿ ದೀಪಾವಳಿ ಅಮಾಸಿಗೆ ರೈಲು ಬಿಟ್ಟ. ಎರಡೇ ಸುತ್ತು. ದಾರಿ ಮಾತ್ರ ಕೇಳಲಿಲ್ಲ. ಕೇಳಿದರೆ ಅವಳ ದನಿ ಬರುತ್ತದೆ ಅಂತ ಗೊತ್ತಿತ್ತು... ಆದರೂ ಕೇಳಲಿಲ್ಲ.

ಸುಳ್ಳು ಅನ್ನಬೇಡ್ರಿ. ಅವತ್ತು ಬೆಳಿಗ್ಗೆ ಗಾಡಿ ಎತ್ತಿಡುವಾಗ ಹಿಂದಿನ ಡಬ್ಬಿಯ ಕಿಟಕಿ ಗಾಜಿಗೆ ಯಾರೋ ಉಸಿರು ಬಿಟ್ಟ ಹಾಗೆ ಆವಿ ಹಿಡಿದಿತ್ತು. ಉಗುರಿನಷ್ಟು ಗಾಜು. ತಿಪ್ಪಕ್ಕ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಒಳಗಿನಿಂದ ಹಿಡಿದಿತ್ತು.